ಇಂಗ್ಲಿಷ್ ಬೋಧನೆ: ಲೆಕ್ಕಕ್ಕೆ ಬಾರದ ಒಂದು ರಫ್ತು

ಗುರುವಾಯನಕೆರೆಯಿಂದ ನಾರಾವಿ ಮಾರ್ಗವಾಗಿ ಕಾರ್ಕಳದ ಕಡೆಗೆ ಸಾಗುವ ರಸ್ತೆಯಲ್ಲಿ ಸಿಗುವ ಅಳದಂಗಡಿಯನ್ನು ಹೊರಗಿನವರು ಬಲ್ಲದ್ದು ಅಜಿಲ ಅರಸು ಮನೆತನದ ಊರೆಂದು. ವ್ಯಾಪಾರಸ್ಥರು ಬಲ್ಲದ್ದು ಅಡಿಕೆ, ತೆಂಗು, ರಬ್ಬರ್ ಬೆಳೆಯುವ ಊರೆಂದು. ಈ ಊರಿನಿಂದ ಪ್ರತಿದಿನ ಬೆಳಗ್ಗೆ ಹೊರಡುವ ಇನ್ನೊಂದು ಫಸಲಿನ ಕಡೆಗೆ ಗಮನ ಹರಿಯುವುದು ಕಡಿಮೆ. ಬೆಳ್ತಂಗಡಿ, ಉಜಿರೆ, ಕಾರ್ಕಳ, ಮೂಡುಬಿದಿರೆಯ ಕಾಲೇಜುಗಳಿಗೆ ತೆರಳುವ ವಿದ್ಯಾರ್ಥಿಗಳಿಂದ ಬೆಳಗಿನ ಬಸ್ಸುಗಳು ತುಂಬಿರುತ್ತವೆ. ಅವರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ, ಅದರ ಮೇಲೆ ಬಿ.ಎಡ್. ಮಾಡಿಕೊಂಡು ಹೊರಬರುವವರಿಗೆ ಊರಿನಲ್ಲಿ ಸಿಗುವುದು ಬಹುಮಟ್ಟಿಗೆ ಎರಡೇ ದಾರಿ: ಖಾಸಗಿ ಆಂಗ್ಲ ಮಾಧ್ಯಮ ಶಾಲೆಯ ಅಲ್ಪ ಸಂಬಳ, ಇಲ್ಲವೇ ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರ ಗೌರವಧನ. ಮೂರನೆಯ ದಾರಿಯೊಂದು ವಿದೇಶದ ಕಡೆಗೆ ತೆರೆದಿದೆ. ಆದರೆ ಆ ದಾರಿಯ ಬಾಗಿಲಲ್ಲಿ ನಿಂತಿರುವವನು ಬಹಳ ಸಲ ಏಜೆಂಟನೇ ಹೊರತು ವೀಸಾ ಅಧಿಕಾರಿಯಲ್ಲ.

ತಾಯಿಯ ಕರಿಮಣಿ ಸರವೊಂದನ್ನು ಬಿಟ್ಟು ಉಳಿದ ಚಿನ್ನವನ್ನೆಲ್ಲ ಸೊಸೈಟಿಯಲ್ಲಿ ಅಡವಿಟ್ಟು ಏಜೆಂಟನಿಗೆ ಹಣ ಕಟ್ಟಿದ ಮನೆಗಳು ಕರಾವಳಿಯ ಯಾವ ಊರಿಗೂ ಹೊಸತಲ್ಲ. ಆ ಹಣ ಯಾವುದಕ್ಕೆ ಸಂದಿತು, ಬಂದ ವೀಸಾ ಯಾವ ಬಗೆಯದು, ಅದರ ಮೇಲೆ ತರಗತಿಯಲ್ಲಿ ನಿಂತು ಪಾಠ ಹೇಳುವ ಹಕ್ಕು ಇದೆಯೇ ಇಲ್ಲವೇ ಎಂಬುದನ್ನು ವಿಚಾರಿಸಿ ನೋಡಿದವರು ವಿರಳ. ವಾಣಿಜ್ಯ ವಲಯವು ಈ ವಿಷಯವನ್ನು ಶಿಕ್ಷಣ ಇಲಾಖೆಯ ತಲೆನೋವೆಂದು ಬಿಟ್ಟುಬಿಡುವುದು ತಪ್ಪಾದೀತು. ಏಕೆಂದರೆ ಇದು ನೇರವಾಗಿ ವ್ಯಾಪಾರದ ವಿಷಯ.

ಸೇವೆಯೂ ಸರಕೇ

ವಿಶ್ವ ವ್ಯಾಪಾರ ಸಂಸ್ಥೆಯು 1995ರಲ್ಲಿ ಅಸ್ತಿತ್ವಕ್ಕೆ ಬಂದಾಗ ಅದರೊಡನೆ ಸೇವಾ ವ್ಯಾಪಾರದ ಒಪ್ಪಂದವೂ ಜಾರಿಗೆ ಬಂತು. ಸೇವೆಗಳು ಗಡಿ ದಾಟುವ ನಾಲ್ಕು ವಿಧಾನಗಳನ್ನು ಆ ಒಪ್ಪಂದ ಗುರುತಿಸಿತು. ನಾಲ್ಕನೆಯದು ವ್ಯಕ್ತಿಯೇ ಸ್ವತಃ ಇನ್ನೊಂದು ದೇಶಕ್ಕೆ ಹೋಗಿ ಸೇವೆ ಸಲ್ಲಿಸುವುದು. ಸಾಫ್ಟ್‌ವೇರ್ ಎಂಜಿನಿಯರ್ ಅಮೆರಿಕಕ್ಕೆ ಹೋಗುವುದು ಹೇಗೆ ಸೇವೆಯ ರಫ್ತೋ, ಅಳದಂಗಡಿಯ ಶಿಕ್ಷಕಿ ಶಾರ್ಜಾದ ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವುದೂ ಹಾಗೆಯೇ. ಆಕೆ ತಿಂಗಳು ತಿಂಗಳು ಮನೆಗೆ ಕಳುಹಿಸುವ ಹಣ ತಾಲೂಕಿನ ಬ್ಯಾಂಕಿಗೆ ಬರುತ್ತದೆ; ಸಿಮೆಂಟಿನ ಅಂಗಡಿಗೆ, ಬಟ್ಟೆ ಅಂಗಡಿಗೆ, ತಮ್ಮನ ಕಾಲೇಜು ಶುಲ್ಕಕ್ಕೆ ಹೋಗುತ್ತದೆ. ಒಂದು ಮೂಟೆ ಅಡಿಕೆ ಬೇರೆ ಊರಿಗೆ ಹೋಗುವಾಗ ಅದರ ದರ, ತೂಕ, ಗುಣಮಟ್ಟ, ದಾಖಲೆ ಎಲ್ಲವನ್ನೂ ಹತ್ತು ಸಲ ನೋಡುವ ಸಮಾಜ, ಮನೆಯ ಮಗಳು ಹೋಗುವಾಗ ಏಜೆಂಟನ ಮಾತೊಂದನ್ನೇ ನಂಬುವುದು ಎಲ್ಲಿಯ ನ್ಯಾಯ?

ಈ ಜಿಲ್ಲೆಗೆ ಶಿಕ್ಷಣವೂ ವಲಸೆಯೂ ಹೊಸದೇನಲ್ಲ. ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ಮೂಡುಬಿದಿರೆಯಲ್ಲಿ ಶ್ರೀ ಮಹಾವೀರ ಕಾಲೇಜು 1965ರಲ್ಲಿ, ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಲ್ಲಿ ತೆರೆದವು. ಮುಂಬಯಿಗೆ ಹೋದ ಹಿಂದಿನ ತಲೆಮಾರಿನವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದರು. ಮಂಗಳೂರಿನಿಂದ ದುಬೈಗೆ ನೇರ ವಿಮಾನ 2006ರಲ್ಲಿ ಆರಂಭವಾದ ಮೇಲೆ ಕೊಲ್ಲಿ ರಾಷ್ಟ್ರ ನೆರೆಮನೆಯಂತಾಯಿತು. ಓದಿಸುವ ಸಂಸ್ಥೆಗಳಿವೆ, ಊರು ಬಿಡುವ ಧೈರ್ಯವಿದೆ, ಹಾರಲು ವಿಮಾನವಿದೆ. ಕೊರತೆ ಇರುವುದು ಸರಿಯಾದ ಮಾಹಿತಿಗೆ.

ಬಾಗಿಲು ಎಲ್ಲೆಡೆ ತೆರೆದಿಲ್ಲ

ಮೊದಲ ಕಹಿ ಸತ್ಯವನ್ನು ಹೇಳಿಬಿಡುವುದು ಒಳಿತು. ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಹಲವು ದೇಶಗಳು ಅರ್ಜಿದಾರರ ಜ್ಞಾನಕ್ಕಿಂತ ಮೊದಲು ಪಾಸ್‌ಪೋರ್ಟಿನ ಬಣ್ಣವನ್ನು ನೋಡುತ್ತವೆ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಬೋಧಕರಿಗೆ ನೀಡುವ ಇ-2 ವೀಸಾ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳಿಗೆ ಮೀಸಲೆಂಬುದು ಸಾಮಾನ್ಯ ನಿಯಮ. ಚೀನಾವು 2017ರಲ್ಲಿ ದೇಶಕ್ಕೆಲ್ಲ ಒಂದೇ ಬಗೆಯ ಕೆಲಸದ ಪರವಾನಗಿ ಪದ್ಧತಿಯನ್ನು ತಂದಿತು. ಅಲ್ಲಿಯೂ ಭಾಷಾ ಶಿಕ್ಷಕರು ಆ ಭಾಷೆ ಮಾತೃಭಾಷೆಯಾಗಿರುವ ದೇಶದವರಾಗಿರಬೇಕೆಂಬ ಅಪೇಕ್ಷೆಯಿದೆ. ಇಪ್ಪತ್ತು ವರ್ಷ ಪಾಠ ಹೇಳಿದ ಎಂ.ಎ. ಪದವೀಧರರು ಇಂತಹ ಕಡೆ ಅನರ್ಹರಾಗುತ್ತಾರೆ. ಒಂದು ದಿನವೂ ತರಗತಿಯನ್ನು ಕಾಣದ ಬೇರೊಂದು ದೇಶದ ಯುವಕ ಅರ್ಹನಾಗುತ್ತಾನೆ. ಇದು ಅನ್ಯಾಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅನ್ಯಾಯವೆಂದು ತಿಳಿದಿದ್ದರೂ ಆ ಬಾಗಿಲಿಗೆ ಹಣ ಸುರಿಯುವುದು ಬುದ್ಧಿವಂತಿಕೆಯಲ್ಲ.

ಜಪಾನಿನ ನಿಯಮ ಬೇರೆ ಬಗೆಯದು. ಅಲ್ಲಿನ ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸಲು ಬೋಧಕ ವೀಸಾ ಕೇಳುವವರು ಆ ಭಾಷೆಯ ಮಾಧ್ಯಮದಲ್ಲಿ ಕನಿಷ್ಠ 12 ವರ್ಷ ಓದಿರಬೇಕು. ರಾಷ್ಟ್ರೀಯತೆಯ ಅಡ್ಡಿ ಇಲ್ಲಿಲ್ಲ. ಅಡ್ಡಿ ಇರುವುದು ಮಾಧ್ಯಮದ್ದು. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಪಿಯುಸಿಯಿಂದ ಎಂ.ಎ.ವರೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರ ಲೆಕ್ಕ ಎರಡು, ಮೂರು, ಎರಡು ಸೇರಿ ಏಳು ವರ್ಷಕ್ಕೆ ನಿಲ್ಲುತ್ತದೆ. ಎರಡು ವರ್ಷದ ಬಿ.ಎಡ್. ಸೇರಿಸಿದರೂ ಒಂಬತ್ತು. ಗ್ರಾಮೀಣ ತಾಲೂಕಿನ ಪ್ರತಿಭಾವಂತರಿಗೆ ಇದೊಂದು ದೊಡ್ಡ ತೊಡಕು. ರಾಜ್ಯದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಅನ್ನು ಒಂದು ವಿಷಯವಾಗಿ ಕಲಿಸತೊಡಗಿದ್ದು 2007ರಲ್ಲಿ. ವಿಷಯವಾಗಿ ಕಲಿಯುವುದು ಬೇರೆ, ಮಾಧ್ಯಮವಾಗಿ ಕಲಿಯುವುದು ಬೇರೆ ಎಂಬ ವ್ಯತ್ಯಾಸವನ್ನು ಅರ್ಜಿ ಹಾಕುವ ಮೊದಲೇ ತಿಳಿದಿರುವುದು ಅಗತ್ಯ.

ಬ್ರಿಟನ್ನಿನ ಹೆಸರು ಹೇಳಿ ಹಣ ಕೇಳುವವರೂ ಇದ್ದಾರೆ. ಇಂಗ್ಲೆಂಡ್ 2023ರ ಫೆಬ್ರವರಿಯಲ್ಲಿ ಭಾರತವೂ ಸೇರಿದಂತೆ ಕೆಲವು ದೇಶಗಳ ಶಿಕ್ಷಕರಿಗೆ ತನ್ನ ಅರ್ಹ ಶಿಕ್ಷಕ ಮಾನ್ಯತೆಗೆ ಅರ್ಜಿ ಹಾಕುವ ದಾರಿಯನ್ನು ತೆರೆಯಿತು. ಆದರೆ ಭಾರತದವರ ಪಾಲಿಗೆ ಅದು 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ವಿದೇಶಿ ಭಾಷೆ ಕಲಿಸುವವರಿಗೆ ಸೀಮಿತವಾಗಿತ್ತು. ಇಂಗ್ಲಿಷ್ ಶಿಕ್ಷಕರು ಆ ಪಟ್ಟಿಯಲ್ಲಿರಲಿಲ್ಲ. ಪತ್ರಿಕೆಯಲ್ಲಿ ‘ಇಂಗ್ಲೆಂಡಿಗೆ ಭಾರತೀಯ ಶಿಕ್ಷಕರು’ ಎಂಬ ತಲೆಬರಹವನ್ನಷ್ಟೇ ಓದಿದವರಿಗೆ ಈ ಅಂಶ ಕಾಣಿಸುವುದಿಲ್ಲ.

ಹಾಗಾದರೆ ತೆರೆದ ಬಾಗಿಲು ಯಾವುದು? ಮೊದಲನೆಯದು ಕೊಲ್ಲಿ ರಾಷ್ಟ್ರಗಳಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು. ಸಿ.ಬಿ.ಎಸ್.ಇ. ಪಠ್ಯಕ್ರಮದ ಶಾಲೆಗಳು ಯು.ಎ.ಇ., ಒಮಾನ್, ಕುವೈತ್, ಕತಾರ್, ಬಹರೈನ್, ಸೌದಿ ಅರೇಬಿಯಾಗಳಲ್ಲಿವೆ, ಅಲ್ಲಿ ಬಿ.ಎಡ್. ಆದ ಭಾರತೀಯ ಶಿಕ್ಷಕರಿಗೆ ಬೇಡಿಕೆಯಿದೆ. ಎರಡನೆಯದು ಮಾಲ್ಡೀವ್ಸ್. ಅಲ್ಲಿನ ದ್ವೀಪಗಳ ಶಾಲೆಗಳಲ್ಲಿ ಭಾರತೀಯ ಶಿಕ್ಷಕರು ದಶಕಗಳಿಂದ ದುಡಿಯುತ್ತಿದ್ದಾರೆ. ಮೂರನೆಯದು ಥಾಯ್ಲೆಂಡ್. ಅಲ್ಲಿ ರಾಷ್ಟ್ರೀಯತೆಯ ಕಟ್ಟುನಿಟ್ಟು ಇಲ್ಲವಾದರೂ ಇಂಗ್ಲಿಷ್ ಮಾತೃಭಾಷೆಯಲ್ಲದವರಿಂದ ಭಾಷಾ ಪರೀಕ್ಷೆಯ ಅಂಕಪಟ್ಟಿಯನ್ನು ಕೇಳುತ್ತಾರೆ.

ದಾಖಲೆಗಳ ದಾರಿ

ಕೆಲಸದ ವೀಸಾ ಎಂಬುದು ಒಂದು ಮುದ್ರೆಯಲ್ಲ, ಸರಪಣಿ. ಅದರ ಮೊದಲ ಕೊಂಡಿ ಪದವಿ ಪ್ರಮಾಣಪತ್ರದ ದೃಢೀಕರಣ. ಪ್ರಮಾಣಪತ್ರವನ್ನು ವಿಶ್ವವಿದ್ಯಾಲಯ ಪರಿಶೀಲಿಸಬೇಕು, ರಾಜ್ಯ ಸರ್ಕಾರದ ಇಲಾಖೆ ದೃಢೀಕರಿಸಬೇಕು, ಅನಂತರ ವಿದೇಶಾಂಗ ಸಚಿವಾಲಯ. ಭಾರತವು ಹೇಗ್ ಅಪೊಸ್ಟಿಲ್ ಒಪ್ಪಂದದ ಸದಸ್ಯನಾದದ್ದು 2005ರಲ್ಲಿ. ಆ ಒಪ್ಪಂದದ ದೇಶಗಳಿಗೆ ಸಚಿವಾಲಯದ ಅಪೊಸ್ಟಿಲ್ ಒಂದೇ ಸಾಕು. ರಾಯಭಾರ ಕಚೇರಿಯ ಮುದ್ರೆ ಬೇಡ. ಒಮಾನ್ 2012ರಲ್ಲಿ, ಬಹರೈನ್ 2013ರಲ್ಲಿ, ಸೌದಿ ಅರೇಬಿಯಾ 2022ರಲ್ಲಿ ಈ ಪದ್ಧತಿಗೆ ಬಂದವು. ಯು.ಎ.ಇ.ಗೆ ಹೋಗುವವರು ರಾಯಭಾರ ಕಚೇರಿಯ ಅಟೆಸ್ಟೇಶನ್ ಕೂಡ ಮಾಡಿಸಬೇಕು. ಅಪೊಸ್ಟಿಲ್‌ಗೆ ಸರ್ಕಾರ ನಿಗದಿಪಡಿಸಿದ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ. ಸಚಿವಾಲಯವು 2012ರಿಂದ ಅರ್ಜಿಗಳನ್ನು ತಾನು ನೇಮಿಸಿದ ಸಂಸ್ಥೆಗಳ ಮೂಲಕವೇ ಸ್ವೀಕರಿಸುತ್ತಿರುವುದರಿಂದ ಅವುಗಳ ಸೇವಾ ಶುಲ್ಕ ಪ್ರತ್ಯೇಕ. ಇಷ್ಟಾದರೂ ಊರಿನ ಏಜೆಂಟ್ ಹೇಳುವ ಮೊತ್ತಕ್ಕೂ ಈ ಶುಲ್ಕಕ್ಕೂ ಇರುವ ಅಂತರ ಅಜಗಜಾಂತರ. ಆ ಅಂತರ ಅಜ್ಞಾನಕ್ಕೆ ತೆರುವ ತೆರಿಗೆ.

ಇಲ್ಲಿ ನೆರೆಯ ರಾಜ್ಯದ ಕಡೆಗೆ ನೋಡುವುದು ಉಚಿತ. ಕೇರಳ ಸರ್ಕಾರ ವಿದೇಶಿ ನೇಮಕಾತಿಗೆಂದೇ 1977ರಲ್ಲಿ ಒಡೆಪೆಕ್ ಎಂಬ ನಿಗಮವನ್ನು ಸ್ಥಾಪಿಸಿತು; ಅನಿವಾಸಿ ಕೇರಳೀಯರಿಗಾಗಿ 1996ರಲ್ಲಿ ಪ್ರತ್ಯೇಕ ಇಲಾಖೆಯನ್ನೇ ತೆರೆಯಿತು. ನೋರ್ಕಾ ರೂಟ್ಸ್ ಸಂಸ್ಥೆಯ ದೃಢೀಕರಣ ಕೇಂದ್ರ ಕೋಝಿಕ್ಕೋಡಿನಲ್ಲಿಯೂ ಇದೆ. ಕಾಸರಗೋಡಿನ ಪದವೀಧರರು ತಮ್ಮ ಪತ್ರಗಳನ್ನು ಹಿಡಿದು ಮಲಬಾರಿನ ನಗರಕ್ಕೆ ಹೋದರೆ ಸಾಕು, ರಾಜಧಾನಿಯವರೆಗೆ ಹೋಗಬೇಕಾಗಿಲ್ಲ. ಕರ್ನಾಟಕದಲ್ಲಿಯೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಒಳ್ಳೆಯ ಆರಂಭವೇ ಸರಿ. ಆದರೆ ಅದರ ಹೆಸರನ್ನು ಅಳದಂಗಡಿಯ ಮನೆಗಳಲ್ಲಿ ಕೇಳಿದವರೆಷ್ಟು?

ದಾದಿಗೆ ಇರುವ ರಕ್ಷಣೆ ಶಿಕ್ಷಕಿಗಿಲ್ಲ

ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ ಕಾನೂನಿನದು. 1983ರ ವಲಸೆ ಕಾಯಿದೆಯಂತೆ ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಆ ಅಧಿಕಾರಿ ಕೆಲಸದ ಕರಾರನ್ನು ಪರಿಶೀಲಿಸುತ್ತಾನೆ. ಹತ್ತನೆಯ ತರಗತಿ ದಾಟಿದವರಿಗೆ ಈ ಅನುಮತಿ ಬೇಕಾಗಿಲ್ಲ. ದಾದಿಯರ ನೇಮಕಾತಿಯಲ್ಲಿ ನಡೆದ ವಂಚನೆಗಳ ನಂತರ, ಅವರು ವಿದ್ಯಾವಂತರಾಗಿದ್ದರೂ ಈ ದೇಶಗಳಿಗೆ ಹೋಗಲು ಅನುಮತಿ ಕಡ್ಡಾಯವೆಂದು ಕೇಂದ್ರ ಸರ್ಕಾರ 2015ರಲ್ಲಿ ಆದೇಶಿಸಿತು. ಶಿಕ್ಷಕರ ವಿಷಯದಲ್ಲಿ ಅಂತಹ ಆದೇಶವಿಲ್ಲ. ಪದವೀಧರರೂ ಹೊರಡುವ ಮೊದಲು ಸರ್ಕಾರದ ಇ-ಮೈಗ್ರೇಟ್ ಜಾಲದಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮವನ್ನು 2018ರ ನವೆಂಬರಿನಲ್ಲಿ ಪ್ರಕಟಿಸಿ, ಅದೇ ತಿಂಗಳಲ್ಲಿ ತಡೆಹಿಡಿಯಲಾಯಿತು.

ಪರಿಣಾಮವೇನು? ಗಾರೆ ಕೆಲಸದವನ ಕರಾರುಪತ್ರವನ್ನು ಸರ್ಕಾರದ ಒಂದು ಕಣ್ಣಾದರೂ ನೋಡುತ್ತದೆ, ಎಂ.ಎ., ಬಿ.ಎಡ್. ಮಾಡಿದ ಶಿಕ್ಷಕಿಯ ಕರಾರುಪತ್ರವನ್ನು ಯಾರೂ ನೋಡುವುದಿಲ್ಲ. ವಿದ್ಯಾವಂತರು ತಮ್ಮನ್ನು ತಾವೇ ಕಾಪಾಡಿಕೊಳ್ಳಬಲ್ಲರೆಂಬುದು ಕಾನೂನಿನ ಊಹೆ. ಅನುಭವ ಹಾಗೆ ಹೇಳುವುದಿಲ್ಲ.

ಈ ಊಹೆಯ ಲಾಭ ಪಡೆಯುವವರು ವಿಸಿಟ್ ವೀಸಾ ವ್ಯಾಪಾರಿಗಳು. ‘ಈಗ ವಿಸಿಟ್‌ನಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳಬಹುದು’ ಎಂಬ ಮಾತು ಕರಾವಳಿಯಲ್ಲಿ ಗಾದೆಯಷ್ಟು ಹಳೆಯದು. ಸಂದರ್ಶನಕ್ಕೆಂದು ಹೋಗಿ ಬರುವುದು ಬೇರೆ, ಆ ವೀಸಾದ ಮೇಲೆ ಪಾಠ ಹೇಳುವುದು ಬೇರೆ. ಎರಡನೆಯದು ಅಲ್ಲಿನ ಕಾನೂನಿನಲ್ಲಿ ಅಪರಾಧ. ಹಾಗೆ ದುಡಿದವರಿಗೆ ಸಂಬಳ ಸಿಗದಿದ್ದರೆ ದೂರು ಕೊಡಲು ಹೋದಾಗ ತಪ್ಪಿತಸ್ಥರಾಗುವವರು ಅವರೇ. ಥಾಯ್ಲೆಂಡ್ 2023ರ ನವೆಂಬರಿನಿಂದ ಭಾರತೀಯ ಪ್ರವಾಸಿಗಳಿಗೆ ವೀಸಾ ಇಲ್ಲದೆ ಪ್ರವೇಶ ಕೊಡತೊಡಗಿದಾಗ ಅದನ್ನೇ ಉದ್ಯೋಗದ ಅವಕಾಶವೆಂದು ಬಿಂಬಿಸಿದವರುಂಟು. ಅಲ್ಲಿ ಶಿಕ್ಷಕರಿಗೆ ಬೇಕಾದದ್ದು ನಾನ್-ಇಮಿಗ್ರಂಟ್ ಬಿ ವೀಸಾ, ಶಿಕ್ಷಕರ ಪರಿಷತ್ತಿನ ಅನುಮತಿ ಮತ್ತು ಕೆಲಸದ ಪರವಾನಗಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ತರಗತಿಗೆ ಕಾಲಿಡುವಂತಿಲ್ಲ. ಥಾಯ್ಲೆಂಡಿನ ಉದ್ಯೋಗದ ಆಸೆ ತೋರಿಸಿ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನ ವಂಚನಾ ಕೇಂದ್ರಗಳಿಗೆ ಸಾಗಿಸಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲಿಯೇ ಎಚ್ಚರಿಕೆ ನೀಡಿತ್ತು.

ಹಣದ ವಿಷಯದಲ್ಲಿಯೂ ಕಾನೂನು ಸ್ಪಷ್ಟವಾಗಿದೆ. ಭಾರತದ ನಿಯಮದಂತೆ ನೋಂದಾಯಿತ ನೇಮಕಾತಿ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಯು.ಎ.ಇ.ಯಲ್ಲಿ 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನು ನೇಮಕಾತಿಯ ವೆಚ್ಚವನ್ನು ಉದ್ಯೋಗಿಯಿಂದ ವಸೂಲು ಮಾಡುವುದನ್ನು ನಿಷೇಧಿಸಿದೆ. ಹೀಗಿರುವಾಗ ಲಕ್ಷಗಟ್ಟಲೆ ಕೇಳುವವನು ಕಾನೂನಿನ ಹೊರಗೆ ನಿಂತವನೆಂದು ತಿಳಿಯಲು ವಕೀಲರೇ ಬೇಕಾಗಿಲ್ಲ. 120 ಗಂಟೆಗಳ ಬೋಧನಾ ತರಬೇತಿಯ ಪ್ರಮಾಣಪತ್ರ ಮಾರುವವರ ಮಾತೂ ಇಷ್ಟೇ. ಪ್ರಮಾಣಪತ್ರ ಬೇರೆ, ವೀಸಾ ಬೇರೆ.

ಒಪ್ಪಂದಗಳ ಮೇಜಿನಲ್ಲಿ

ರಾಷ್ಟ್ರೀಯತೆಯ ಗೋಡೆಯನ್ನು ಒಬ್ಬ ಅರ್ಜಿದಾರ ಒಡೆಯಲಾರ. ವ್ಯಾಪಾರ ಒಪ್ಪಂದ ಒಡೆಯಬಲ್ಲದು. ಇದಕ್ಕೆ ನಿದರ್ಶನವಿದೆ. ಭಾರತ ಮತ್ತು ದಕ್ಷಿಣ ಕೊರಿಯಾ 2009ರಲ್ಲಿ ಸಹಿ ಹಾಕಿದ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದ 2010ರ ಜನವರಿ 1ರಿಂದ ಜಾರಿಗೆ ಬಂತು. ಏಳು ದೇಶಗಳ ಆ ಬಿಗಿಯಾದ ಪಟ್ಟಿಯ ಹೊರಗಿದ್ದ ಭಾರತೀಯರು, ಪದವಿಯ ಜತೆಗೆ ಇಂಗ್ಲಿಷ್ ಶಿಕ್ಷಕರ ಅರ್ಹತೆ ಇದ್ದರೆ, ಅಲ್ಲಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಲು ಈ ಒಪ್ಪಂದ ಅವಕಾಶ ಕೊಟ್ಟಿತು. ಕಾರು, ಉಕ್ಕುಗಳ ಸುಂಕದ ಚರ್ಚೆಯ ನಡುವೆ ಈ ಒಂದು ಅಂಶ ಮರೆತೇಹೋಯಿತು.

2025ರ ಜುಲೈ 24ರಂದು ಬ್ರಿಟನ್ನಿನೊಡನೆ ಸಹಿಯಾದ ಒಪ್ಪಂದದಲ್ಲಿ ವರ್ಷಕ್ಕೆ 1,800ರವರೆಗೆ ಭಾರತೀಯ ಬಾಣಸಿಗರು, ಯೋಗ ಶಿಕ್ಷಕರು ಮತ್ತು ಶಾಸ್ತ್ರೀಯ ಸಂಗೀತಗಾರರಿಗೆ ಅವಕಾಶವಿದೆ. ಬಾಣಸಿಗರಿಗಾಗಿ ಕೇಳಿದವರಿದ್ದರು, ಯೋಗಕ್ಕಾಗಿ ಕೇಳಿದವರಿದ್ದರು. ಶಾಲಾ ಶಿಕ್ಷಕರ ಪರವಾಗಿ ಮುಂದಿನ ಒಪ್ಪಂದಗಳಲ್ಲಿ ಕೇಳಬೇಕಾದವರು ಯಾರು? ಒಪ್ಪಂದಗಳ ಮಾತುಕತೆಗೆ ಮೊದಲು ವಾಣಿಜ್ಯ ಸಚಿವಾಲಯ ಅಭಿಪ್ರಾಯ ಕೇಳುವುದು ವಾಣಿಜ್ಯ ಮಂಡಳಿಗಳನ್ನೇ. ಗೋಡಂಬಿ, ಹೆಂಚು, ಮೀನು, ಕಾಫಿಯ ಕುರಿತು ಮನವಿ ಬರೆಯುವ ಕೈಗಳು ಶಿಕ್ಷಕರ ಕುರಿತೂ ಒಂದು ಪುಟ ಬರೆಯಬಹುದು.

ಊರಿನ ಶಾಲೆಯ ಪ್ರಶ್ನೆ

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಊರಿನ ಶಾಲೆಗಳಲ್ಲಿಯೇ ಒಳ್ಳೆಯ ಇಂಗ್ಲಿಷ್ ಶಿಕ್ಷಕರಿಲ್ಲದಿರುವಾಗ ಇರುವವರನ್ನೂ ಹೊರಗೆ ಕಳುಹಿಸಲು ನೆರವಾಗುವುದು ಸರಿಯೇ? ಪ್ರಶ್ನೆ ಗಂಭೀರವಾದುದು. ಮಗು ಅಳದಂಗಡಿಯದಾದರೂ ಅಬುಧಾಬಿಯದಾದರೂ ಕಲಿಯುವ ಹಕ್ಕು ಒಂದೇ. ಆದರೆ ಶಿಕ್ಷಕರು ಊರು ಬಿಡುವುದು ವೀಸಾ ಸುಲಭವೆಂಬ ಕಾರಣಕ್ಕಲ್ಲ, ಸಂಬಳ ಸಾಲದೆಂಬ ಕಾರಣಕ್ಕೆ. ಮಾಹಿತಿಯನ್ನು ಮುಚ್ಚಿಟ್ಟರೆ ಅವರು ಊರಿನಲ್ಲಿಯೇ ಉಳಿಯುತ್ತಾರೆಂಬ ಭರವಸೆಯಿಲ್ಲ. ತಪ್ಪು ದಾರಿಯಲ್ಲಿ ಹೋಗುತ್ತಾರೆ, ಇಲ್ಲವೇ ವೃತ್ತಿಯನ್ನೇ ಬಿಟ್ಟು ಅಂಗಡಿಯ ಲೆಕ್ಕ ಬರೆಯುತ್ತಾರೆ. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ಇರುವವರು ಹಲವರು ಉದ್ಯಮಿಗಳೇ. ತಾವು ನಡೆಸುವ ಶಾಲೆಯಲ್ಲಿ ನ್ಯಾಯವಾದ ಸಂಬಳ ಕೊಡುವುದು ಈ ಆಕ್ಷೇಪಕ್ಕೆ ಅವರು ಕೊಡಬಹುದಾದ ಮೊದಲ ಉತ್ತರ. ನಾಲ್ಕಾರು ವರ್ಷ ಹೊರಗೆ ದುಡಿದು ಮರಳಿದವರಿಗೆ ಆ ಅನುಭವಕ್ಕೆ ತಕ್ಕ ಸ್ಥಾನ ಕೊಡುವುದು ಎರಡನೆಯದು.

ಮಾಡಬಹುದಾದ ಕೆಲಸ

ಈ ತಾಲೂಕಿಗೆ ಮಾದರಿಯನ್ನು ಹೊರಗೆ ಹುಡುಕಬೇಕಾಗಿಲ್ಲ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಜನರಿಗೆ ಸ್ವಂತ ಉದ್ಯೋಗದ ಅಲ್ಪಾವಧಿ ತರಬೇತಿ ಕೊಟ್ಟು, ಮುಂದೆ ದೇಶದ ಜಿಲ್ಲೆ ಜಿಲ್ಲೆಗಳ ತರಬೇತಿ ಸಂಸ್ಥೆಗಳಿಗೆ ಮಾದರಿಯಾಯಿತು. ವಿದೇಶಕ್ಕೆ ಹೊರಡುವ ಶಿಕ್ಷಕರಿಗೂ ಅಂತಹ ಒಂದು ಕಿರು ತರಬೇತಿ ಬೇಕು: ಯಾವ ದೇಶಕ್ಕೆ ಯಾವ ಅರ್ಹತೆ, ಯಾವ ದಾಖಲೆ, ಕರಾರುಪತ್ರದಲ್ಲಿ ಏನನ್ನು ನೋಡಬೇಕು, ತೊಂದರೆಯಾದರೆ ಯಾರಿಗೆ ದೂರು ಕೊಡಬೇಕು ಎಂಬುದನ್ನು ಕನ್ನಡದಲ್ಲಿ ಹೇಳಿಕೊಡುವಂಥದ್ದು. ಮನೆಯ ಹಿರಿಯರೂ ಅದರಲ್ಲಿ ಕುಳಿತರೆ ಇನ್ನೂ ಒಳ್ಳೆಯದು. ಚಿನ್ನ ಅಡವಿಡುವವರು ಅವರಲ್ಲವೇ?

ಎರಡನೆಯದಾಗಿ, ದೃಢೀಕರಣದ ಕೆಲಸ ಮಂಗಳೂರಿನಲ್ಲಿಯೇ ಆಗುವಂತೆ ರಾಜ್ಯ ಸರ್ಕಾರವನ್ನು ಒತ್ತಾಯಿಸಬೇಕು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಇ-ಸನದ್ ಯೋಜನೆ ಪ್ರಮಾಣಪತ್ರಗಳನ್ನು ಗಣಕಜಾಲದ ಮೂಲಕವೇ ದೃಢೀಕರಿಸುವ ಉದ್ದೇಶದ್ದು. ಜಿಲ್ಲೆಯ ಎಲ್ಲ ಕಾಲೇಜುಗಳ ಪ್ರಮಾಣಪತ್ರಗಳೂ ಅದರ ವ್ಯಾಪ್ತಿಗೆ ಬಂದರೆ ಮಧ್ಯವರ್ತಿಯ ಅರ್ಧ ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ. ಮೂರನೆಯದಾಗಿ, ದಾದಿಯರಿಗೆ 2015ರಲ್ಲಿ ಕೊಟ್ಟಂತಹ ರಕ್ಷಣೆಯನ್ನು ಶಿಕ್ಷಕರಿಗೂ ವಿಸ್ತರಿಸಬೇಕೆಂದು ಕೇಂದ್ರವನ್ನು ಕೇಳಬೇಕು. ಅದು ತುಸು ವಿಳಂಬ ತರಬಹುದು. ವಂಚನೆಗಿಂತ ವಿಳಂಬ ಲೇಸು. ನಾಲ್ಕನೆಯದಾಗಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಜಿಲ್ಲೆಯ ಉದ್ಯಮಿಗಳು ಶಾಲೆಯೊಂದರಿಂದ ಬಂದ ನೇಮಕಾತಿ ಪತ್ರ ನಿಜವೋ ಸುಳ್ಳೋ ಎಂದು ವಿಚಾರಿಸಿ ಹೇಳುವ ಒಂದು ಚಿಕ್ಕ ಉಪಕಾರ ಮಾಡಬಹುದು. ಬಂಟ್ವಾಳದ ತುಂಬೆಯ ಮೂಲದವರೊಬ್ಬರು ಅಜ್ಮಾನ್‌ನಲ್ಲಿ 1998ರಲ್ಲಿ ವೈದ್ಯಕೀಯ ಕಾಲೇಜನ್ನೇ ತೆರೆದ ಜಿಲ್ಲೆ ಇದು. ಒಂದು ದೂರವಾಣಿ ಕರೆ ಅದಕ್ಕೆ ಭಾರವಲ್ಲ.

ಇವುಗಳಲ್ಲಿ ಯಾವುದಕ್ಕೂ ಕೋಟಿಗಳ ಬಂಡವಾಳ ಬೇಕಾಗಿಲ್ಲ. ವಾರಕ್ಕೊಂದು ದಿನ ತಾಲೂಕು ಕೇಂದ್ರದಲ್ಲಿ ಒಂದು ಮೇಜು, ಎರಡು ಕುರ್ಚಿ, ವಿಷಯ ಬಲ್ಲ ಒಬ್ಬ ವ್ಯಕ್ತಿ ಇದ್ದರೆ ಕೆಲಸ ಆರಂಭವಾಗುತ್ತದೆ. ಆ ಮೇಜಿನ ಮುಂದೆ ಕುಳಿತ ಪದವೀಧರರಲ್ಲಿ ಕೆಲವರಿಗೆ ‘ಈ ದೇಶಕ್ಕೆ ಸಾಧ್ಯವಿಲ್ಲ, ಹಣ ಕಟ್ಟಬೇಡಿ’ ಎಂದು ಹೇಳಿ ಕಳುಹಿಸಬೇಕಾಗಬಹುದು. ಅದೂ ಒಂದು ಸೇವೆಯೇ. ಆ ಮಾತನ್ನು ಸಕಾಲದಲ್ಲಿ ಕೇಳಿದ ಮನೆಯ ಚಿನ್ನ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಕೇಳದ ಮನೆ ಹೋಗದ ಮಗಳಿಗಾಗಿ ವರ್ಷಗಟ್ಟಲೆ ಬಡ್ಡಿ ಕಟ್ಟುತ್ತದೆ.